ಎರಡನೆಯ ನಿಮಿಷ

ಮನೆಯಿಂದ,
ತಾರೀಕು ಹದಿನಾಲ್ಕು, ಮಂಗಳವಾರ

ನನ್ನ ಮುದ್ದಿನ ಬಜಾರಿ ಮೊಮ್ಮಗಳಿಗೆ,

ಹೇಗಿದ್ದೀಯೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಕಂಡವರ ಬಿಪಿ ನೋಡುತ್ತಾ ನಿನ್ನ ಹೊಟ್ಟೆಯನ್ನೇ ಮರೆಯುತ್ತೀಯೋ? ಹೋದ ಸಲ ಕಳಿಸಿದ ಫೋಟೋದಲ್ಲಿ ಕತ್ತಿನ ಮೂಳೆ ಎಣಿಸುವ ಹಾಗಿತ್ತು. ಆ ದೊಡ್ಡ ಆಸ್ಪತ್ರೆಯಲ್ಲಿ ದಿನಕ್ಕೆ ನೂರು ಜನರ ತೂಕ ಬರೆಯುವವಳು ಒಂದು ದಿನ ತಾನೂ ಆ ಯಂತ್ರ ಹತ್ತಬಾರದೆ? ನನ್ನ ಅಕ್ಷರ ನೋಡಿ ನಗಬೇಡ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈ ಇಷ್ಟೇ ಓಡುವುದು.

ನೀನು ಮೊದಲು ಕೆಲಸ ಮಾಡುತ್ತಿದ್ದ ಡಾಕ್ಟರ ಹತ್ತಿರ ನಿನ್ನೆ ನಿನ್ನಪ್ಪ ನನ್ನನ್ನು ಕರೆದುಕೊಂಡು ಹೋಗಿದ್ದ. ನಿನ್ನ ಕುರ್ಚಿಯಲ್ಲಿ ಈಗ ಬೇರೆ ಹುಡುಗಿ. ಒಳ್ಳೆಯವಳೇ, ಇಲ್ಲದ್ದು ಹೇಳಬಾರದು, ಆದರೆ ಕೈ ಮಂಜುಗಡ್ಡೆ. ತೋಳಿಗೆ ಪಟ್ಟಿ ಸುತ್ತಿ ಬುಸ್ ಬುಸ್ ಎಂದು ಗಾಳಿ ತುಂಬಿ, "ಮಾತಾಡ್ಬೇಡಿ ಅಜ್ಜಿ, ಬಿಪಿ ಏರತ್ತೆ" ಅಂದಳು. ಮಾತಾಡದಿದ್ದರೇ ನನಗೆ ಏರುವುದು ಎಂದು ಅವಳಿಗೇನು ಗೊತ್ತು! ಆಮೇಲೆ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ನಾಡಿ ಎಣಿಸಿದಳು. ಒಂದು ನಿಮಿಷ ಮುಗಿದರೂ ಕೈ ಬಿಡಲಿಲ್ಲ, ಥೇಟ್ ನಿನ್ನ ಹಾಗೆ. "ಎಣಿಸಿ ಆಯ್ತಲ್ಲಮ್ಮ, ಇನ್ನೂ ಯಾಕೆ ಹಿಡ್ಕೊಂಡಿದ್ದೀಯ?" ಎಂದು ಕೇಳಿಯೇಬಿಟ್ಟೆ. ಅವಳು ನಕ್ಕಳು. ಅದು ಉಸಿರು ಎಣಿಸುವುದಕ್ಕಂತೆ. ಹೇಳಿ ಎಣಿಸಿದರೆ ಜನ ಬೇರೆ ಥರ ಉಸಿರಾಡುತ್ತಾರಂತೆ, ಅದಕ್ಕೇ ನಾಡಿ ನೋಡುವ ಹಾಗೆ ನಟಿಸುವುದಂತೆ. ಅಯ್ಯೋ ಕಳ್ಳಿ! ಇಷ್ಟು ವರ್ಷ ಆ ಎರಡನೆಯ ನಿಮಿಷ ಅಜ್ಜಿಗೆ ಅಂತಲೇ ಕೊಟ್ಟದ್ದು ಎಂದುಕೊಂಡಿದ್ದೆನಲ್ಲೇ. ನೀನು ಊರು ಬಿಟ್ಟ ಈ ಎಂಟು ತಿಂಗಳಲ್ಲಿ ನನ್ನ ಕೈಯನ್ನು ಯಾರೂ ಅಷ್ಟು ಹೊತ್ತು ಹಿಡಿದಿರಲಿಲ್ಲ. ತಣ್ಣಗೆ ಕೊರೆಯುತ್ತಿದ್ದರೂ ಬಿಡಿಸಿಕೊಳ್ಳಲಿಲ್ಲ.

ಮತ್ತೆ ಅವಳ ಪ್ರಶ್ನೆಗಳು. "ತಲೆಸುತ್ತು ಬರತ್ತಾ? ಯಾವಾಗ್ಲಾದ್ರೂ ಬಿದ್ದಿದ್ದೀರಾ?" ನೀನು ಊರು ಬಿಡುವ ವಾರ ಇದನ್ನೇ ಕೇಳಿದ್ದೆ. "ನನಗೇನು ಧಾಡಿ, ಗುಂಡುಕಲ್ಲಿನ ಹಾಗಿದ್ದೀನಿ" ಅಂದಿದ್ದೆ ನಾನು. ನೀನು ಹಾಳೆಯಲ್ಲಿ 'ಇಲ್ಲ' ಎಂದು ಬರೆದು, ನೆಮ್ಮದಿಯಾಗಿ ಪೆಟ್ಟಿಗೆ ತುಂಬಿಕೊಂಡೆ. ಹಿಂದಿನ ದಿನವೇ ಬಚ್ಚಲಲ್ಲಿ ಬಿದ್ದಿದ್ದೆ ಮಗಳೇ. ಹೇಳಿದ್ದರೆ ನೀನು ಹೋಗುತ್ತಿದ್ದೆಯಾ? ಅಷ್ಟು ಓದಿ ಈ ಮುದುಕಿಯ ಕಾಲಬುಡದಲ್ಲಿ ಕೂರುತ್ತಿದ್ದೆ. ನಿನಗೆ ಹೇಳದ್ದನ್ನೆಲ್ಲ ನಿನ್ನೆ ಗುರುತುಪರಿಚಯ ಇಲ್ಲದ ಹುಡುಗಿಗೆ ಹೇಳಿದೆ. ಬಚ್ಚಲಲ್ಲಿ ಒಂದು ಸಲ, ಮೆಟ್ಟಿಲ ಮೇಲೆ ಎರಡು ಸಲ. ನಾಡಿ ಮೂವತ್ತೆಂಟಂತೆ, ಅರವತ್ತಾದರೂ ಇರಬೇಕಂತೆ. ಅವಳ ನಗು ಇಳಿಯಿತು, ಎದ್ದು ಡಾಕ್ಟರನ್ನು ಕರೆತಂದಳು. ಅವರು ನಿನ್ನಪ್ಪನನ್ನು ಹೊರಗೆ ಕರೆದು ಮಾತಾಡಿದರು, ನನಗೆ ಕಿವಿ ಕೇಳಿಸುವುದಿಲ್ಲ ಎಂಬ ಹಾಗೆ.

ಬೈಯುವುದಿದ್ದರೆ ಬೈ, ಆದರೆ ಎದುರಿಗೆ ಕೂತು ಬೈ. ಅಪ್ಪ ಅಮ್ಮ ಚೆನ್ನಾಗಿದ್ದಾರೆ. ನೀನು ಮುಟ್ಟಿದವರೆಲ್ಲ ಗುಣವಾಗಲಿ, ನೀನು ಸ್ವಲ್ಪ ಗುಂಡಗಾಗು.

ಇಂತಿ,
ನಿನ್ನ ಬಾಯಿಬಡುಕಿ ಅಜ್ಜಿ

ತಾ.ಕ.: ಬರುವ ಸೋಮವಾರ, ಇಪ್ಪತ್ತನೇ ತಾರೀಕು, ಎದೆಯೊಳಗೆ ಏನೋ ಸಣ್ಣ ಯಂತ್ರ ಕೂರಿಸುತ್ತಾರಂತೆ. ನಿನಗೆ ತಿಳಿಸಕೂಡದು ಎಂದು ನಿನ್ನಪ್ಪನಿಂದ ಆಣೆ ಹಾಕಿಸಿಕೊಂಡವಳು ನಾನೇ, ರಾತ್ರಿಯೆಲ್ಲ ನಿದ್ದೆಗೆಟ್ಟು ಈಗ ಅವನಿಗೆ ಕಾಣದ ಹಾಗೆ ಬರೆಯುತ್ತಿರುವವಳೂ ನಾನೇ. ಕೆಲಸ ಗಿಲಸ ಬಿಟ್ಟೀಯೆ ಜೋಕೆ. ರಜೆ ಹಾಕಿ ಬಾ. ಭಾನುವಾರವೇ ಬಾ.