ಗಾಳಿ ಒಳಬರುವ ದಾರಿ

ಮಾರ್ಚ್ 4, ಮಂಗಳವಾರ. ಮಧ್ಯಾಹ್ನ 2

ಕಂಪ್ಯೂಟರ್ ಮತ್ತೆ ಆಫ್ ಆಯಿತು. ರೆಕಾರ್ಡಿಂಗ್ ಶುರುವಾದ ಇಪ್ಪತ್ತೊಂದನೇ ನಿಮಿಷಕ್ಕೆ. ಪ್ರೊಸೆಸರ್ 97 ಡಿಗ್ರಿ. ಅಕ್ಕ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಕಣ್ಣು ಕಾಣದ ಮಕ್ಕಳಿಗೆ ಭೂಗೋಳದ ಇಪ್ಪತ್ತಾರು ಪಾಠ ರೆಕಾರ್ಡ್ ಮಾಡಿಕೊಡಬೇಕು. ಆಗಿರುವುದು ಹತ್ತೊಂಬತ್ತು. 18ಕ್ಕೆ ಅವಳ ಕತ್ತಿನ ಗಂಟಿನ ಆಪರೇಷನ್. ಧ್ವನಿಯ ನರ ಅದರ ಪಕ್ಕದಲ್ಲೇ ಹಾದಿದೆ. "ಮಾತು ಈಗಿನ ಹಾಗೇ ಇರುತ್ತೆ ಅಂತ ಬರೆದುಕೊಡೋಕಾಗಲ್ಲ" ಎಂದಿದ್ದಾರೆ ಡಾಕ್ಟರು.

ಬೇರೆಯವರಿಂದ ಓದಿಸುವಂತಿಲ್ಲ, ಏಕೆಂದರೆ ಅವಳು ಓದುವುದಿಲ್ಲ. ನಕ್ಷೆಯನ್ನು ಬಾಯಲ್ಲೇ ಬಿಡಿಸುತ್ತಾಳೆ. "ಎಡಗೈ ಮೇಜಿನ ಮೇಲೆ ಅಂಗಾತ ಇಡಿ. ಹೆಬ್ಬೆರಳ ಬುಡದಲ್ಲಿ ನದಿ ಹುಟ್ಟುತ್ತೆ…" ಕೇಳುತ್ತ ಕೇಳುತ್ತ ನಾನೂ ಕೈ ಇಟ್ಟಿದ್ದೆ. ನಲವತ್ತಾರು ವರ್ಷದವನು.

ಮಾರ್ಚ್ 5, ಬುಧವಾರ

ಮೂರು ಫ್ಯಾನ್ ತಂದು ಕೂರಿಸಿದೆ. ಅಂಗಡಿಯಲ್ಲಿ ಕೇಳಿದ್ದು ಒಂದೇ — ಯಾವುದು ಹೆಚ್ಚು ಜೋರು? ಪತ್ರಿಕೆಯ ಪ್ರೆಸ್ಸಿನಲ್ಲಿ ಹತ್ತೊಂಬತ್ತು ವರ್ಷ ಮಷಿನ್ ಓಡಿಸಿದ್ದೇನೆ. ಅಲ್ಲಿ ಗೋಡೆಗೆ ಎಕ್ಸಾಸ್ಟ್ ಇದೆ, ಶಾಖ ಹೊರಗೆ ಹೋಗುತ್ತದೆ. ಹಾಗೆಯೇ ಮೂರನ್ನೂ ಹೊರಮುಖ ಮಾಡಿದೆ.

94 ಡಿಗ್ರಿ. ಮೇಲೆ ಗದ್ದಲ ಬೇರೆ.

"ಲೋ, ಪ್ರೆಸ್ಸನ್ನೇ ಹೊತ್ಕೊಂಡು ಬಂದ್ಯೇನೋ? ಪೇಪರ್ ಯಾವ ಕಡೆ ಬೀಳುತ್ತೆ ಹೇಳು, ಹಿಡ್ಕೋತೀನಿ" ಎಂದಳು ಅಕ್ಕ.

ಮಾರ್ಚ್ 8, ಶನಿವಾರ

ನಾಲ್ಕನೆಯದನ್ನೂ ಹಾಕಿದೆ. 96 ಆಯಿತು. ಫ್ಯಾನ್ ಹೆಚ್ಚಿದಷ್ಟೂ ಬಿಸಿ! ಕ್ಯಾಬಿನೆಟ್ಟಿನ ಪ್ರತಿ ಸಂದಿಯಲ್ಲೂ ಧೂಳಿನ ಗೆರೆ. ಅಕ್ಕ ಹೇಗೋ ಒಂದು ಪಾಠ ಮುಗಿಸಿದಳು. ಹಾಕಿ ಕೇಳಿದರೆ ಧ್ವನಿ ಹಿಂದೆ, ಭರ್ರೆನ್ನುವ ಸದ್ದು ಮುಂದೆ. ಅಳಿಸಿದೆವು.

ಹತ್ತು ದಿನ. ಏಳು ಪಾಠ.

ಮಾರ್ಚ್ 9, ಭಾನುವಾರ. ಬೆಳಿಗ್ಗೆ

ಕ್ಯಾಬಿನೆಟ್ ಹೊತ್ತು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯಾಕೆ ಕನ್ನಡಕವನ್ನು ತಲೆಯಿಂದ ಮೂಗಿಗೆ ಇಳಿಸಿ ಒಳಗೆ ನೋಡಿದಳು.

"ಸಾರ್, ನಾಲ್ಕೂ ಹೊರಗೇ ಊದ್ತಿವೆಯಲ್ಲ?"

"ಹೂಂ. ಬಿಸಿ ಹೋಗ್ಬೇಕಲ್ಲಮ್ಮ."

"ಹೋಗ್ಲಿ. ತಣ್ಣಗಿರೋದು ಬರೋದು ಎಲ್ಲಿಂದ? ಮುಂದಗಡೆ ಗಾಜು ಬಡಿದು ಮೂಗು ಮುಚ್ಚಿದೀರಾ."

ಬಸ್ಸಿನಲ್ಲಿ ಬರುವಾಗ ನೆನಪಾಯಿತು: ಪ್ರೆಸ್ಸಿನ ಎಕ್ಸಾಸ್ಟಿನ ಎದುರು ಗೋಡೆಯಲ್ಲಿ ಆಳೆತ್ತರದ ಕಿಟಕಿ ಇದೆ, ಯಾವಾಗಲೂ ತೆರೆದೇ ಇರುತ್ತದೆ. ಹತ್ತೊಂಬತ್ತು ವರ್ಷ ಅದರ ಕೆಳಗೆ ಕೂತು ಊಟ ಮಾಡಿದ್ದೇನೆ. ಅದೂ ಒಂದು ಯಂತ್ರವೇ ಎಂದು ಗೊತ್ತಿರಲಿಲ್ಲ.

ಅಂಗಡಿಯಾಕೆ ಆರಿಸಿದ್ದು ಮೂರೇ ಫ್ಯಾನ್. ದೊಡ್ಡವು, 140 ಮಿಲಿಮೀಟರ್. ಎರಡು ಮುಂದೆ ಒಳಮುಖವಾಗಿ, ಒಂದು ಹಿಂದೆ ಹೊರಮುಖವಾಗಿ. ಗಾಜಿನ ಬದಲು ಜಾಲರಿ. ನಿಮಿಷಕ್ಕೆ ಆರುನೂರು ಸುತ್ತು.

"ಇಷ್ಟು ಸೋಮಾರಿ ಫ್ಯಾನ್ ಸಾಕಾ?"

"ದೊಡ್ಡ ರೆಕ್ಕೆಗೆ ಅವಸರ ಯಾಕೆ ಸಾರ್?"

ಮಾರ್ಚ್ 10, ಸೋಮವಾರ. ಬೆಳಿಗ್ಗೆ 11

ಸ್ವಿಚ್ ಹಾಕಿದೆ. ಸದ್ದೇ ಇಲ್ಲ. ಕೆಟ್ಟಿತು ಎಂದುಕೊಂಡೆ. ಬಗ್ಗಿ ನೋಡಿದರೆ ತಿರುಗುತ್ತಿವೆ, ರೆಕ್ಕೆ ಎಣಿಸಬಹುದೇನೋ ಅನ್ನುವಷ್ಟು ನಿಧಾನ.

ಪ್ರೆಸ್ಸಿನಲ್ಲಿ ಮಷಿನ್ನಿನ ಗಾಳಿ ಪರೀಕ್ಷಿಸುವಾಗ ಮಾಡುವ ಹಾಗೆ ಪೇಪರಿನ ಅಂಚು ಹರಿದು ಜಾಲರಿಯ ಮುಂದೆ ಹಿಡಿದೆ. ನಾಲ್ಕು ಬೆರಳು ದೂರವಿದ್ದಾಗಲೇ ಬಾಗಿತು, ಹೋಗಿ ಅಂಟಿಕೊಂಡಿತು. ಹಿಂದೆ ಹಿಡಿದೆ, ಬಾವುಟದಂತೆ ಎದ್ದು ನಿಂತಿತು. ನಡುವೆ ಕಾಣುವುದು ಏನೂ ಇಲ್ಲ, ಕೇಳುವುದು ಏನೂ ಇಲ್ಲ. ಆದರೂ ಒಂದು ಹೊಳೆ ಹರಿಯುತ್ತಿದೆ. ಮೈ ಜುಮ್ಮೆಂದಿತು. ಇಷ್ಟು ವರ್ಷ ಜೋರು ಎಂದರೆ ಶಕ್ತಿ ಎಂದುಕೊಂಡಿದ್ದೆ.

ಒಂದು ಗಂಟೆ ಆಯಿತು. 58 ಡಿಗ್ರಿ.

ಅಕ್ಕನೂ ಕಾಗದ ಇಸಿದುಕೊಂಡು ಹಿಡಿದಳು. ಮತ್ತೆ ಹಿಡಿದಳು. "ಕೊಡು ಇನ್ನೊಂದ್ಸಲ" ಎಂದಳು. ಐವತ್ತೆರಡು ವರ್ಷದ ಮೇಷ್ಟರಮ್ಮ!

ಸಂಜೆ 5

ಇಪ್ಪತ್ತನೇ ಪಾಠ ಮುಗಿಯಿತು. ಹಾಕಿ ಕೇಳಿದೆವು. ಮೊದಲ ಮಾತಿಗೆ ಮುಂಚೆ ತುಟಿ ಬಿಡಿಸಿಕೊಂಡ ಸದ್ದು. ಪುಟ್ಟ ಉಸಿರು. ಆಮೇಲೆ ಅವಳ ಧ್ವನಿ, ಬರಿಯ ಧ್ವನಿ. ಹುಟ್ಟಿದಾಗಿನಿಂದ ಕೇಳಿದ್ದೇನೆ, ಇವತ್ತೇ ಕೇಳಿದೆ ಅನ್ನಿಸಿತು.

"ನಾನು ಇಷ್ಟು ಚೆನ್ನಾಗಿ ಮಾತಾಡ್ತೀನೇನೋ?" ಎಂದಳು. ನಕ್ಕಳು. ಆಮೇಲೆ ಕತ್ತು ಮುಟ್ಟಿಕೊಂಡಳು.

ಮಾರ್ಚ್ 17, ಸೋಮವಾರ. ಸಂಜೆ 4

ವಾರವಿಡೀ ಬರೆಯಲಾಗಲಿಲ್ಲ. ರಜೆ ಹಾಕಿದ್ದೇನೆ. ಇಪ್ಪತ್ತೈದು ಪಾಠ ಆದವು. ಆಸ್ಪತ್ರೆಗೆ ಆರು ಗಂಟೆಗೆ ಸೇರಬೇಕು. ಅಕ್ಕ ಕೊನೆಯ ಪಾಠ ಹೇಳುತ್ತಿದ್ದಾಳೆ, ಧ್ರುವ ಪ್ರದೇಶ. ನಾನು ಮೂಲೆಯಲ್ಲಿ.

"ಇಲ್ಲಿ ಮರ ಇಲ್ಲ, ಹಕ್ಕಿ ಇಲ್ಲ. ಗಾಳಿ ನಿಂತರೆ ನಿಮ್ಮ ಎದೆ ಬಡಿತ ನಿಮಗೇ ಕೇಳುತ್ತೆ…"

ನಿಲ್ಲಿಸಿದಳು. ಹೆಡ್‌ಫೋನ್ ಒತ್ತಿ ಹಿಡಿದು ಕೇಳಿಸಿಕೊಳ್ಳುತ್ತಿದ್ದಾಳೆ. "ಏನೋ ಕೆರೀತಿದೆ" ಎಂದು ಪಿಸುಗುಟ್ಟಿದಳು. ಗಾಬರಿಯಾಯಿತು. ಪರದೆ ನೋಡಿದೆ — 57. ಮೂರೂ ಫ್ಯಾನ್ ಸರಿಯಾಗಿವೆ. ಜಾಲರಿ ಸರಿಯಾಗಿದೆ. ಅಕ್ಕ ನನ್ನ ಕಡೆಗೇ ಬೆರಳು ತೋರಿಸುತ್ತಿದ್ದಾಳೆ, ನನ್ನ ಕೈಗೆ. ಪೆನ್ನು! ಕಾಗದದ ಮೇಲೆ ನನ್ನ ಪೆನ್ನು ಓಡುವ ಸದ್ದು ಅವಳಿಗೆ ಅಲ್ಲಿಗೆ ಕೇಳು—