ಮಾವನವರಿಗೆ ನಾವು ಕುಡಿಸಿದ್ದು

ತರಬೇತಿ ಮನೆ, ಮೇಲಿನ ಕೋಣೆ
ಗುರುವಾರ ಮಧ್ಯಾಹ್ನ

ಪ್ರೀತಿಯ ಮಾವನವರಿಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ಫೋನ್ ಮಾಡದೆ ಕಾಗದ ಬರೆಯುತ್ತಿದ್ದಾಳೆಂದರೆ ಏನೋ ಎಡವಟ್ಟಾಗಿದೆ ಎಂದು ನಿಮಗೆ ಇಷ್ಟು ಹೊತ್ತಿಗೆ ಹೊಳೆದಿರುತ್ತದೆ. ಫೋನಿನಲ್ಲಾದರೆ ನೀವು ನಡುವೆಯೇ "ಬಿಡಮ್ಮಾ, ಅದೇನು ಮಹಾ" ಎಂದು ಕ್ಷಮಿಸಿಬಿಡುತ್ತೀರಿ. ಅದಕ್ಕೆ ಅವಕಾಶ ಕೊಡಬಾರದೆಂದೇ ಕಾಗದ.

ಮೊದಲು ಇಲ್ಲಿಯ ಸಮಾಚಾರ. ತರಬೇತಿ ಅಂದರೆ ತರತರದ ಭೀತಿ ಎಂದು ಬಂದ ವಾರವೇ ಗೊತ್ತಾಯಿತು. ಸೇವೆಗೆಂದು ನಮ್ಮನ್ನು ಕಳಿಸಲಿರುವ ಗುಡ್ಡಗಾಡಿನಲ್ಲಿ ಆಸ್ಪತ್ರೆ ಇಲ್ಲವಂತೆ. ಹಾಗಾಗಿ ಕಿತ್ತಳೆ ಹಣ್ಣಿಗೆ ಚುಚ್ಚಿ ಚುಚ್ಚಿ ಇಂಜೆಕ್ಷನ್ ಕೊಡುವುದನ್ನು ಕಲಿಸಿದರು. ನನ್ನ ಕೈಯಲ್ಲಿ ಹಲವು ಹಣ್ಣುಗಳು ಸ್ವರ್ಗಸ್ಥವಾದವು. ನಿಮ್ಮ ಮಗ ಮಾತ್ರ ಪಂಪು ಬಿಚ್ಚಿ ಜೋಡಿಸುವುದರಲ್ಲಿ, ಸೋರುವ ತಗಡಿಗೆ ಡಾಂಬರು ಬಳಿಯುವುದರಲ್ಲಿ, ಅಲ್ಲಿಯ ಜನರ ಭಾಷೆಯಲ್ಲಿ "ಜ್ವರ ಯಾವಾಗಿನಿಂದ?" ಎಂದು ಮೃದುವಾಗಿ ಕೇಳುವುದರಲ್ಲಿ, ಎಲ್ಲದರಲ್ಲೂ ಮುಂದು. ನಾನು ಆ ಭಾಷೆಯಲ್ಲಿ ಜಗಳವಾಡುವಷ್ಟು ಕಲಿತಿದ್ದೇನೆ. ಸೇವೆಗೆ ಬರದಿದ್ದರೂ ಸಂಸಾರಕ್ಕೆ ಬರುತ್ತದೆ.

ಇವರು ಮುಗ್ಗರಿಸಿದ್ದು ಸಾಕ್ಷಿಯ ತರಗತಿಯಲ್ಲಿ. ದೂರಕ್ಕೆ ಕಳಿಸುವ ಮುನ್ನ ಜೋಡಿಗಳನ್ನು ಭಾನುವಾರಗಳಂದು ಒಂದೊಂದು ಚರ್ಚಿನ ಸಭೆಗೆ ಕರೆದೊಯ್ದು, ದೇವರು ತಮ್ಮ ಬದುಕನ್ನು ಹೇಗೆ ತಿರುಗಿಸಿದನೆಂದು ಹೇಳಿಸುತ್ತಾರೆ. ಕೇಳಿದ ಜನರ ಮನಸ್ಸು ಕರಗಿದರೆ ಮಾತ್ರ ಇಲ್ಲಿಯ ಹಿರಿಯರು ಕಳಿಸಲು ಒಪ್ಪುತ್ತಾರೆ. ಇವರ ಸಾಕ್ಷಿ ಶುರುವಾಗುವಷ್ಟರಲ್ಲೇ 'ಸಾಕು' ಎಂದು ಮುಗಿದಿತ್ತು. "ನಮ್ಮಪ್ಪ ಬಸ್ ಓಡಿಸ್ತಾರೆ. ಮಲಗೋ ಮುಂಚೆ ನನ್ನ ಪಕ್ಕ ಕೂತು ಪ್ರಾರ್ಥನೆ ಮಾಡ್ತಿದ್ರು. ನಾನೂ ಮಾಡೋಕೆ ಶುರು ಮಾಡ್ದೆ. ಅಷ್ಟೇ." ಸಮಯ ಮೀರಿದವರಿಗೆ ಗಂಟೆ ಬಾರಿಸುವ ಬೋಧಕರೊಬ್ಬರಿದ್ದಾರೆ, ನಾವು ಗಂಟೆ ಸರ್ ಎನ್ನುತ್ತೇವೆ. ಅವತ್ತು ಅವರಿಗೆ ಗಂಟೆ ಎತ್ತಿಕೊಳ್ಳಲೂ ಪುರುಸೊತ್ತಾಗಲಿಲ್ಲ. "ಬೆಳಕೇನೋ ಚೆನ್ನಾಗಿದೆ ತಮ್ಮಾ, ಕತ್ತಲೆ ಎಲ್ಲಿ? ಎಲ್ಲಿಂದ ಎಲ್ಲಿಗೆ ಬಂದೆ ಅಂತ ಜನಕ್ಕೆ ಗೊತ್ತಾಗ್ಬೇಡ್ವಾ?" ಎಂದರು.

ಕತ್ತಲೆ ಹುಡುಕಿದೆವು ಮಾವ. ನಿಮ್ಮ ಮನೆಯಲ್ಲಿ ಅದರದ್ದೇ ಬರ. ಕೊನೆಗೆ ಇವರ ಬಾಲ್ಯದ ಒಂದು ನೆನಪು ಸಿಕ್ಕಿತು. ನೀವು ದೂರದ ಊರುಗಳ ಬಸ್ಸು ಓಡಿಸುತ್ತಿದ್ದ ಕಾಲ. ಹಗಲೂ ಇರುಳೂ ಓಡಿಸಿ ಮನೆಗೆ ಬಂದಾಗ ನಿಮ್ಮ ಕಾಲು ನಿಲ್ಲುತ್ತಿರಲಿಲ್ಲ, ತೂರಾಡುತ್ತಿದ್ದಿರಿ. "ನಾನು ಬಸ್ಸಿಂದ ಇಳಿದ್ರೂ ಬಸ್ಸು ನನ್ನ ಕಾಲಿಂದ ಇಳಿದಿಲ್ಲ ಮಗಾ" ಎಂದು ನಗುತ್ತಿದ್ದಿರಂತೆ. ಮಗ ನಿಮ್ಮ ಬೆರಳು ಹಿಡಿದು "ರೈಟ್, ರೈಟ್" ಎಂದು ಕೂಗುತ್ತ ಹಾಸಿಗೆಯವರೆಗೆ ನಡೆಸಿಕೊಂಡು ಹೋಗುತ್ತಿದ್ದರಂತೆ. ಸಾಕ್ಷಿಯಲ್ಲಿ ಆ ತೂರಾಟ ಉಳಿಯಿತು, ದಣಿವು ಹೋಯಿತು. ದಣಿವಿದ್ದ ಜಾಗಕ್ಕೆ ಒಂದು ಬಾಟಲಿ ಬಂದು ಕೂತಿತು.

ಜೀವಮಾನವೆಲ್ಲ ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿಯೇ ಕುಡಿದ ನಿಮ್ಮನ್ನು ಹೀಗೆ ಭಾನುವಾರ ಭಾನುವಾರವೂ ಕುಡುಕನನ್ನಾಗಿ ಮಾಡಿದೆವು. ಜನ ಅತ್ತರು. ಮುದುಕಿಯರು ಇವರ ತಲೆ ನೇವರಿಸಿದರು. ಗಂಟೆ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಹಿರಿಯರು ನಮ್ಮನ್ನು ಕಳಿಸುವುದೆಂದು ತೀರ್ಮಾನಿಸಿದರು. ತಂದೆಯನ್ನು ಗೌರವಿಸುವುದು, ಸುಳ್ಳು ಸಾಕ್ಷಿ ಹೇಳದಿರುವುದು, ದೇವರ ಹತ್ತು ಆಜ್ಞೆಗಳಲ್ಲಿ ಎರಡನ್ನು ಒಂದೇ ಏಟಿಗೆ ಮುರಿದು ಧರ್ಮಕಾರ್ಯಕ್ಕೆ ಅರ್ಹರಾದೆವು.

ಆಮೇಲೆ ಹಿರಿಯರಿಗೆ ಉತ್ಸಾಹ ಉಕ್ಕಿ, ಬರುವ ಭಾನುವಾರದ ಬೀಳ್ಕೊಡುಗೆ ಆರಾಧನೆಗೆ ಕುಡಿತ ಬಿಟ್ಟ ತಂದೆಯನ್ನೇ ವೇದಿಕೆಗೆ ಕರೆಯೋಣ ಎಂದು ನಮ್ಮನ್ನು ಕೇಳದೆ ನಿಮಗೆ ಫೋನ್ ಮಾಡಿಬಿಟ್ಟರು. ನೀವಾದರೂ ಬೈಯಬಾರದಿತ್ತೇ? ಆ ಸಂಜೆ ನನಗೆ ಫೋನ್ ಮಾಡಿ ನೀವು ಹೇಳಿದ್ದು ಇಷ್ಟೇ: "ಬರ್ತೀನಮ್ಮಾ. ಎರಡು ಮಾತು ತಾನೇ? ಮುಂಚೆ ಕುಡೀತಿದ್ದೆ, ಈಗ ಕುಡಿಯಲ್ಲ. ಎರಡನೇದಂತೂ ನಿಜ." ಮಗ ಯಾಕೆ ಹೀಗೆ ಹೇಳಿದ ಎಂದು ಕೇಳಲಿಲ್ಲ. ನನಗೆ ಎಷ್ಟು ನಿರಾಳವಾಯಿತೆಂದರೆ, ಬರೆಯಲು ನಾಚಿಕೆಯಾಗುತ್ತದೆ, ಅವತ್ತು ರಾತ್ರಿ ಎರಡು ಸಲ ಬಡಿಸಿಕೊಂಡು ಉಂಡೆ.

ಮೊನ್ನೆ ನೀವು ಈಗ ಓಡಿಸುವ ಶಾಲಾ ಬಸ್ಸಿನ ಆಯಮ್ಮ ಫೋನ್ ಮಾಡಿದರು. "ದೇವ್ರ ಕೆಲ್ಸಕ್ಕೆ ಹೊರಟೋರು ಸ್ವಲ್ಪ ಈ ಕಡೇನೂ ನೋಡಿ" ಎಂದೇ ಶುರು ಮಾಡಿದರು. ನಾವು ಹೋಗಿದ್ದ ಯಾವುದೋ ಸಭೆಯಲ್ಲಿ ನಿಮ್ಮ ಬಸ್ಸಿನ ಮಗುವೊಂದರ ತಾಯಿ ಕೂತಿದ್ದರಂತೆ. ಅವರು ಕೇಳಿದ್ದನ್ನು ಮುಖ್ಯೋಪಾಧ್ಯಾಯಿನಿಗೆ ಮುಟ್ಟಿಸಿದರಂತೆ. ಅಂದಿನಿಂದ ದಿನಾ ಬೆಳಿಗ್ಗೆ ಬಸ್ಸು ಹತ್ತುವ ಮುನ್ನ ಗೇಟಿನ ಹತ್ತಿರ ನಿಮ್ಮಿಂದ ಕುಡಿದಿದ್ದೀರೋ ಎಂದು ನೋಡುವ ನಳಿಗೆಯನ್ನು ಊದಿಸುತ್ತಾರಂತೆ, ಮಕ್ಕಳ ಎದುರಿಗೇ. "ಇಂಜಿನ್‌ಗೆ ಗಾಳಿ ಸಾಲ್ದು ಕಣ್ರೋ, ಅದಕ್ಕೇ ಊದ್ತಿದ್ದೀನಿ" ಎಂದು ನೀವು ಮಕ್ಕಳಿಗೆ ಹೇಳಿದಿರಂತೆ. ಅವು ದಿನಾ ಚಪ್ಪಾಳೆ ತಟ್ಟುತ್ತವಂತೆ. "ಭಾನುವಾರ ಅಲ್ಲಿ ಬಂದು ಒಪ್ಕೊಂಡ್ರೆ ಸೋಮವಾರದಿಂದ ಸ್ಟೇರಿಂಗ್ ಮುಟ್ಟೋ ಹಾಗಿಲ್ಲ ಅಂತ ಮೇಡಂ ಅಂದಿದ್ದಾರೆ. ನಿಮ್ಮ ಮಾವನಿಗೂ ಗೊತ್ತು. ಆದ್ರೂ ಅಂಗಿ ಇಸ್ತ್ರಿ ಮಾಡಿಸಿ ಇಟ್ಕೊಂಡಿದ್ದಾರೆ" ಎಂದರು ಆಯಮ್ಮ.

ಮಗ ಹೊರಡಲೆಂದು ನೀವು ಕೆಲಸವನ್ನೂ ಹೆಸರನ್ನೂ ಕೊಡಲು ತಯಾರಾಗಿದ್ದಿರಿ. ನಾನು ಫೋನ್ ಇಟ್ಟು ಇವರಿಗೆ ಹೇಳಿದೆ. ಇವರು ಪಂಪಿನ ಹತ್ತಿರ ಕೈಯೆಲ್ಲ ಗ್ರೀಸು ಮಾಡಿಕೊಂಡು ಕೂತಿದ್ದರು. ಆ ಗ್ರೀಸಿನ ಕೈಯಲ್ಲೇ ಮುಖ ಮುಚ್ಚಿಕೊಂಡರು.

ಇವತ್ತು ಬೆಳಿಗ್ಗೆ ನಿಮ್ಮ ಮಗ ಹಿರಿಯರ ಮುಂದೆ ನಿಂತು ಎಲ್ಲ ಹೇಳಿಬಿಟ್ಟರು. ಅಪ್ಪ ಕುಡಿದವರಲ್ಲ, ಅದು ಕಟ್ಟಿದ ಮಾತು ಎಂದರು. ಬೀಳ್ಕೊಡುಗೆ ರದ್ದಾಗಿದೆ. ಇವರನ್ನು ಯಾವ ಸೇವೆಗೂ ಕಳಿಸುವುದಿಲ್ಲವೆಂದು ತೀರ್ಮಾನವಾಗಿದೆ. ಶಾಲೆಗೆ ತಾವೇ ಫೋನ್ ಮಾಡಿ ತಿಳಿಸುವುದಾಗಿ ಹಿರಿಯರು ಹೇಳಿದ್ದಾರೆ. ನಾನಿದನ್ನು ಬರೆಯುತ್ತಿರುವಾಗ ಇವರು ಕಟ್ಟಿದ್ದ ಪೆಟ್ಟಿಗೆಯನ್ನು ಬಿಚ್ಚಿ ಸೊಳ್ಳೆಪರದೆ, ಲಾಟೀನು, ಔಷಧಿ ಡಬ್ಬಿ ಒಂದೊಂದೇ ತೆಗೆದು ಕಪಾಟಿನಲ್ಲಿ ವಾಪಸ್ ಜೋಡಿಸುತ್ತಿದ್ದಾರೆ. ಅದನ್ನೂ ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದಾರೆಂದರೆ ನೋಡಲಾಗುತ್ತಿಲ್ಲ.

ಭಾನುವಾರ ದಯವಿಟ್ಟು ಬರಬೇಡಿ ಮಾವ. ಮಗನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ ಎಂದು ನಿಮಗೆ ಹೇಳಬೇಕಾಗಿಯೇ ಇಲ್ಲ. ನೀವು ಒಮ್ಮೆಯಾದರೂ ಸಿಟ್ಟು ಮಾಡಿಕೊಂಡಿದ್ದರೆ ನಮಗಿಷ್ಟು ಕಷ್ಟವಾಗುತ್ತಿರಲಿಲ್ಲ.

ತಲೆ ತಗ್ಗಿಸಿ,
ನಿಮ್ಮ ಸೊಸೆ

ತಾ.ಕ. ಲಕೋಟೆ ಅಂಟಿಸುವ ಮುನ್ನ ಒಮ್ಮೆ ಓದಿದೆ. ಚೆನ್ನಾಗಿಯೇ ಬಂದಿದೆ. ಅದೇ ನನ್ನ ರೋಗ. ಬಾಟಲಿಯ ಕಥೆಯೂ ಚೆನ್ನಾಗಿ ಬಂದಿತ್ತು. ಅದನ್ನು ಬರೆದವಳು ನಾನು ಮಾವ. ಓದಿದವರೇ ಇವರು "ಬೇಡ ಕಣೇ, ಅಪ್ಪ ಹಾಗಲ್ಲ" ಎಂದರು. "ಅಪ್ಪನಿಗೆ ಯಾರು ಹೋಗಿ ಹೇಳ್ತಾರೆ? ಇದಿಲ್ದಿದ್ರೆ ನಮ್ಮನ್ನ ಕಳಿಸಲ್ಲ" ಎಂದು ನಾನೇ ಹಟ ಹಿಡಿದು ಬಾಯಿಪಾಠ ಮಾಡಿಸಿದೆ. ಜನ ಅಳುವಾಗ ಹಿಂದಿನ ಬೆಂಚಿನಲ್ಲಿ ಕೂತು, ಯಾವ ಸಾಲಿಗೆ ಎಷ್ಟು ಕರ್ಚೀಫು ಹೊರಬರುತ್ತವೆಂದು ನೋಡಿ ಹಿಗ್ಗಿದ್ದೇನೆ.

ಇವತ್ತು ಬೆಳಿಗ್ಗೆ "ಇದು ಯಾರ ತಲೆಯಿಂದ ಬಂತು?" ಎಂದು ಹಿರಿಯರು ಕೇಳಿದಾಗ ಇವರು ನನ್ನ ಕಡೆ ನೋಡದೆ "ನನ್ನದೇ" ಅಂದರು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಹಿರಿಯರೊಬ್ಬರ ಹೆಂಡತಿ ಬೆನ್ನು ಸವರಿ "ಪಾಪ, ನಿನಗೇನು ಗೊತ್ತಿತ್ತಮ್ಮಾ" ಎಂದರು. ನಾನು ಏನೂ ಗೊತ್ತಿಲ್ಲದವಳಂತೆ ಮೂಗು ಒರೆಸಿಕೊಂಡೆ.

ಹೆತ್ತ ಮಗನೇ ಹೇಳಿದ್ದೆಂದರೆ ಏನೋ ಇದ್ದೀತು ಎಂಬ ಅನುಮಾನ ಮುಖ್ಯೋಪಾಧ್ಯಾಯಿನಿಗೆ ಉಳಿದೇ ಉಳಿಯುತ್ತದೆ. ಸೊಸೆ ಕಟ್ಟಿದ್ದೆಂದರೆ ಯಾರಾದರೂ ತಕ್ಷಣ ನಂಬುತ್ತಾರೆ. ಈ ಕಾಗದವನ್ನು ಅವರಿಗೆ ತೋರಿಸಿ, ತಮಾಷೆ ಮಾಡಿರುವ ಜಾಗಗಳನ್ನೂ ಸೇರಿಸಿ. ಮೊದಲು ಇದನ್ನು ಅಂಚೆ ಡಬ್ಬಿಗೆ ಹಾಕಿ, ಆಮೇಲೆ ಹಿರಿಯರ ಕೋಣೆಗೆ ಹೋಗುತ್ತೇನೆ. ನೇರ ಅಲ್ಲಿಗೇ ಹೋದರೆ, ಬಾಗಿಲು ತಟ್ಟುವಷ್ಟರಲ್ಲಿ ನನಗೆ ಇನ್ನೊಂದು ಒಳ್ಳೆಯ ಕಥೆ ಹೊಳೆದುಬಿಡುತ್ತದೆ.