ಮಾಸ್ಟರ್ ರಿಂಗಿಗೆ ವಿಭೂತಿ

ಮಂಡಿಪೇಟೆ, ದಾವಣಗೆರೆ
ಭಾನುವಾರ, ೨೬ ಅಕ್ಟೋಬರ್ ೨೦೨೫

ಪ್ರೀತಿಯ ಅವ್ವಾ,

ನಿನ್ನ ಕಿರಿಮಗಳು ಅಂಕಿತಾಳ ಶರಣು. ಮೊಣಕಾಲು ನೋವು ಹೇಗಿದೆ? ಕೂಸಿಗೂ ಬಾಣಂತಿಗೂ ಎರೆದು ಎರೆದು ನಿನ್ನ ಸೊಂಟವೂ ಹಿಡಿದಿರಬೇಕು, ಆದರೆ ಕೇಳಿದರೆ ಎಂದಾದರೂ ಹೌದು ಅಂದಿದ್ದೀಯಾ? ಸುಷ್ಮಕ್ಕ ತುಪ್ಪ ಹಾಕಿಸಿಕೊಳ್ಳುತ್ತಾಳೋ, ಮೊದಲ ಬಾಣಂತನದ ಹಾಗೆ ದಪ್ಪ ಆಗ್ತೀನಿ ಅಂತ ಮುಖ ಸಿಂಡರಿಸುತ್ತಾಳೋ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ದೀಪಾವಳಿಗೆ ಅಪ್ಪ ಖಾನಾವಳಿಯಿಂದ ಹೋಳಿಗೆ ತರಿಸಿದ್ದರು. ಅಜ್ಜ ಒಂದು ತುತ್ತು ಬಾಯಿಗಿಟ್ಟು, "ಇದು ಹೋಳಿಗಿ ಅಲ್ಲ, ಹೋಳಿಗಿ ಫೋಟೋ" ಅಂದ. ನೀನು ಕಲಬುರಗಿಗೆ ಹೋದ ಮೇಲೆ ಈ ಮನೆಯಲ್ಲಿ ಅಷ್ಟು ನಕ್ಕಿದ್ದು ಅದೊಂದೇ ದಿನ.

ಫೋನ್ ಮಾಡೋದು ಬಿಟ್ಟು ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂತ ಅಂದುಕೊಳ್ಳುತ್ತೀಯ. ನಿನ್ನ ಫೋನ್ ಯಾವಾಗಲೂ ಸ್ಪೀಕರಿನಲ್ಲಿರುತ್ತದೆ ಅವ್ವಾ. ನಾನು ಹಲೋ ಅನ್ನುವಷ್ಟರಲ್ಲಿ ಬೀಗರೆಲ್ಲ ಸುತ್ತ ಕೂತು ಊಟ ಆಯ್ತಾ ಅಂತ ಕೇಳುತ್ತಾರೆ. ಈ ಮಾತು ಅವರ ಕಿವಿಗೆ ಬೀಳುವಂಥದ್ದಲ್ಲ. ಇದು ಮೂರನೇ ಹಾಳೆ, ಮೊದಲೆರಡನ್ನು ಹರಿದು ಹಾಕಿದೆ. ಕೂತರೆ ಏಳಬೇಕು ಅನಿಸುತ್ತದೆ, ಎದ್ದರೆ ಯಾಕೆ ಎದ್ದೆ ಅಂತ ಗೊತ್ತಾಗುವುದಿಲ್ಲ. ಬೆಳಗಿನಿಂದ ಎರಡು ಸಲ ಚಹಾ ಮಾಡಿದೆ, ಎರಡೂ ಸಲ ಕುಡಿಯುವುದನ್ನೇ ಮರೆತೆ. ಮೂರನೆಯ ಸಲ ಅಪ್ಪ, ಸಕ್ಕರೆ ಅಂಗಡಿಯಿಂದ ಪುಕ್ಕಟೆ ಬರೋದಿಲ್ಲ ಅಂತ ಗದರಿದರು.

ಕಂಪನಿಯ ಸುದ್ದಿ ಹೇಳಬೇಕು. ಡಿಪ್ಲೊಮಾದ ಕೊನೆಯ ವರ್ಷ ಪೂರ್ತಿ ಕಂಪನಿಯಲ್ಲೇ ಕೆಲಸ ಕಲಿಯಬೇಕು, ಅವರು ಕೊಡುವ ಸರ್ಟಿಫಿಕೇಟ್ ಇಲ್ಲದೆ ಡಿಪ್ಲೊಮಾ ಕೈಗೆ ಬರುವುದಿಲ್ಲ ಅಂತ ನಿನಗೆ ಗೊತ್ತೇ ಇದೆ. ನಮ್ಮ ತರಗತಿಯ ನಲವತ್ತು ಜನರಲ್ಲಿ ಹರಿಹರದ ಪಕ್ಕ ಗುತ್ತೂರಿನ ಆ ದೊಡ್ಡ ಫ್ಯಾಕ್ಟರಿ ಸಿಕ್ಕಿದ್ದು ಮೂವರಿಗೆ. ಅದರಲ್ಲೂ ಅಳತೆ ಕೋಣೆ ಸಿಕ್ಕಿದ್ದು ನನಗೊಬ್ಬಳಿಗೇ. ಹೊರಗೆ ಹರಿಹರದ ಬಿಸಿಲು ಎಷ್ಟೇ ಇರಲಿ, ಆ ಕೋಣೆಯಲ್ಲಿ ಹಗಲಿರುಳೂ ಇಪ್ಪತ್ತು ಡಿಗ್ರಿ. ಬೇಸಿಗೆಗೆ ನನ್ನನ್ನೂ ಅಲ್ಲೇ ಕೂಡಿಸು ಅಂತ ನೀನು ತಮಾಷೆ ಮಾಡಿದ್ದೆ. ಅಲ್ಲಿ ಗಾಜಿನ ಕಪಾಟಿನಲ್ಲಿ ಮಾಸ್ಟರ್ ರಿಂಗ್ ಅಂತ ಒಂದು ಉಕ್ಕಿನ ಬಳೆ ಇದೆ. ಫ್ಯಾಕ್ಟರಿಯಲ್ಲಿ ತೂತು ಕೊರೆದ ಪ್ರತಿಯೊಂದು ಭಾಗವೂ ಸರಿಯಿದೆಯೋ ಇಲ್ಲವೋ ಅಂತ ಅಳೆಯುವ ಉಪಕರಣಗಳನ್ನೆಲ್ಲ ಮೊದಲು ಆ ರಿಂಗಿಗೆ ಹೊಂದಿಸಬೇಕು. ನಮ್ಮ ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆಯ ಕಲ್ಲು ಇದ್ದ ಹಾಗೆ. ಅದನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆವರು ತಾಗಿದರೂ ಕೆಟ್ಟುಹೋಗುತ್ತದೆ ಅಂತ ಮೊದಲ ದಿನವೇ ಮಹಾಂತೇಶ್ ಸರ್ ಹೇಳಿಕೊಟ್ಟಿದ್ದರು. ಆ ಕೋಣೆಯ ಮುಖ್ಯಸ್ಥರು ಅವರೇ. ಒಳ್ಳೆಯವರು. ನನಗೆ ಆ ಜಾಗ ಕೊಡಿಸಿದ್ದೂ ಅವರೇ, ಅಪ್ಪನ ಪರಿಚಯ ಅಂತ. ಅವರು ಒಳ್ಳೆಯವರಾಗಿರದಿದ್ದರೆ ಇವತ್ತು ನನಗೆ ಇಷ್ಟು ಕಷ್ಟ ಆಗುತ್ತಿರಲಿಲ್ಲವೇನೋ.

ಆಯುಧಪೂಜೆಯ ದಿನ ಅವರು ಊರಿಗೆ ಹೋಗಿದ್ದರು. ಟೇಬಲ್ ಮೇಲೆ ಒಂದು ಮೊಳ ಹೂ ಇಟ್ಟು ಕೈ ಮುಗಿದು ಬಾಗಿಲು ಹಾಕು, ಸಾಕು ಅಂತ ನನಗೆ ಹೇಳಿದ್ದರು. ಹೊರಗೆ ವರ್ಕ್‌ಶಾಪಿನಲ್ಲಿ ಮಷೀನುಗಳನ್ನೆಲ್ಲ ತೊಳೆದು, ಬಾಳೆಕಂಬ ಕಟ್ಟಿ, ಒಂದೊಂದಕ್ಕೂ ಬೂದುಗುಂಬಳಕಾಯಿ ಒಡೆಯುತ್ತಿದ್ದರು. ನಮ್ಮ ಕೋಣೆ ಮಾತ್ರ ಬಿಕೋ ಅನ್ನುತ್ತಿತ್ತು. ನನಗೆ ನಮ್ಮ ಅಂಗಡಿ ನೆನಪಾಯಿತು. ಬೆಲ್ಲ ತೂಗಲು ಕರೆಂಟಿನ ತಕ್ಕಡಿ ಬಂದು ಎಷ್ಟು ವರ್ಷವಾದರೂ ಅಜ್ಜ ಹಳೆಯ ಕಬ್ಬಿಣದ ಕಲ್ಲುಗಳನ್ನು ಸಾಲಾಗಿ ಇಟ್ಟು, ಒಂದೊಂದಕ್ಕೂ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಾನಲ್ಲ. ತೂಗೋದಕ್ಕೆ ಮೊದಲು ಪೂಜೆ, ಆಮೇಲೆ ಎಲ್ಲ ಅನ್ನುತ್ತಾನಲ್ಲ. ಇಡೀ ಫ್ಯಾಕ್ಟರಿಯ ಅಳತೆಗೇ ಯಜಮಾನನಂತಿರುವ ರಿಂಗಿಗೆ ಒಂದು ವಿಭೂತಿಯೂ ಇಲ್ಲವೇ ಅನಿಸಿತು. ಹೊರಗಿನ ಪೂಜೆಯ ತಟ್ಟೆಯಿಂದ ವಿಭೂತಿ, ಕುಂಕುಮ ತಂದು, ನೀರಲ್ಲಿ ಕಲಸಿ ಹಚ್ಚಿಬಿಟ್ಟೆ. ನಗಬೇಡ, ಬರಿಗೈಯಲ್ಲಿ ಮುಟ್ಟಬಾರದಲ್ಲ, ಕೈಗವಸು ಹಾಕಿಕೊಂಡೇ ಹಚ್ಚಿದೆ. ಮರುದಿನ ರಜೆ. ಶುಕ್ರವಾರ ಹೋಗಿ ಒರೆಸಿದರೆ ಒಳಮೈಯಲ್ಲಿ ಸಾಸಿವೆಯಷ್ಟು ದೊಡ್ಡ ನಾಲ್ಕು ತುಕ್ಕಿನ ಕಲೆ. ಯಾರಿಗೂ ಹೇಳದೆ, ಹಿತ್ತಾಳೆ ದೀಪ ಬೆಳಗುವ ಹಾಗೆ ಒಣ ವಿಭೂತಿಯಿಂದಲೇ ಉಜ್ಜಿ ಉಜ್ಜಿ ತೆಗೆದೆ. ಥಳಥಳ ಹೊಳೆಯಿತು. ದೇವರು ದೊಡ್ಡವನು ಅಂದುಕೊಂಡು ಕಪಾಟಿಗೆ ಇಟ್ಟೆ.

ಹಚ್ಚಿದ್ದು ಮೊದಲ ತಪ್ಪು, ಉಜ್ಜಿದ್ದು ಎರಡನೆಯದು. ಉಜ್ಜಿದ್ದರಿಂದ ರಿಂಗಿನ ಒಳಮೈ ಸವೆಯಿತು. ಎಷ್ಟು ಗೊತ್ತಾ, ಒಂದು ಕೂದಲನ್ನು ಇಪ್ಪತ್ತು ಸೀಳು ಮಾಡಿದರೆ ಅದರಲ್ಲಿ ಒಂದರಷ್ಟು. ಆದರೆ ಅಲ್ಲಿ ಅಷ್ಟೇ ಬೇಕಾದಷ್ಟಾಯಿತು. ಮೂರು ವಾರ ಆ ಸುಳ್ಳು ರಿಂಗಿಗೆ ಹೊಂದಿಸಿ ಅಳೆದ ಆರುನೂರು ಚಿಲ್ಲರೆ ಭಾಗಗಳನ್ನು ಮೊನ್ನೆ ಗುರುವಾರ ಪುಣೆಯ ಗಿರಾಕಿ ವಾಪಸ್ ಕಳಿಸಿದ. ರಿಂಗನ್ನು ಭೂತಗನ್ನಡಿಯಲ್ಲಿ ನೋಡಿದಾಗ ತುಕ್ಕು ತಿಂದ ಗುರುತು ಕಂಡಿತು. ತುಕ್ಕು ಅಂದ ಮೇಲೆ ನೀರು, ನೀರು ಅಂದ ಮೇಲೆ ಆ ಕೋಣೆಗೆ ನೀರು ತರುವವರು ಯಾರು ಅಂತ ಹುಡುಕಿದರು. ಒಳಗೆ ಹೋದವರೆಲ್ಲ ಸಹಿ ಮಾಡುವ ಪುಸ್ತಕದಲ್ಲಿ ಪೂಜೆಯ ದಿನ ನನ್ನ ಸಹಿಯ ಕೆಳಗೆ, ಕೊನೆಯದಾಗಿ, ಒಂದು ಹೆಬ್ಬೆಟ್ಟಿನ ಗುರುತಿತ್ತು. ಅದು ನೆಲ ಒರೆಸುವ ಹಜೀರಾಬೀಯದು.

ಹಜೀರಾಬೀ ಹರಿಹರದವರು, ನಿನ್ನ ವಯಸ್ಸಿನವರೇ. ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ ಅಲ್ಲಿ ಕೆಲಸ. ನಾನು ಹೊಸದಾಗಿ ಸೇರಿದಾಗ ಹೆಂಗಸರ ಶೌಚಾಲಯ ಎಲ್ಲಿ ಅಂತ ಯಾರನ್ನೂ ಕೇಳಲಾಗದೆ ಒದ್ದಾಡುತ್ತಿದ್ದೆ, ತೋರಿಸಿಕೊಟ್ಟಿದ್ದು ಅವರೇ. ಶುಕ್ರವಾರ ಅವರ ಗೇಟ್ ಪಾಸ್ ಕಿತ್ತುಕೊಂಡು ನಾಳೆಯಿಂದ ಬರಬೇಡ ಅಂದರು. ಪೂಜೆಯ ದಿನ ಅವಳಿಗೆ ಒಳಗೇನು ಕೆಲಸವಿತ್ತು ಅಂತ ಒಬ್ಬಾತ ನನ್ನೆದುರಿಗೇ ಅಂದ. ಪೂಜೆಯಿಂದಲೇ ಕೆಟ್ಟಿರಬಹುದು ಅಂತ ಮಾತ್ರ ಒಬ್ಬರ ತಲೆಗೂ ಹೊಳೆಯಲಿಲ್ಲ.

ಒಬ್ಬರಿಗೆ ಹೊಳೆಯಿತು. ಸಂಜೆ ಬಸ್ಸಿಗೆ ಹೊರಟಾಗ ಮಹಾಂತೇಶ್ ಸರ್ ನನ್ನನ್ನು ಪಕ್ಕಕ್ಕೆ ಕರೆದರು. ಆ ಗುರುತಿನ ಸಂದಿಯಲ್ಲಿ ಬಿಳಿ ಪುಡಿ ಕಂಡಿತಂತೆ. "ನೀನು ಸ್ಟೂಡೆಂಟು. ನಿನ್ನ ವರ್ಷ ಹಾಳಾಗೋದು ಬ್ಯಾಡ. ಆಕಿಗೆ ಬೇರೆ ಕಡೆ ಕೆಲಸ ಸಿಗ್ತೈತೆ. ಬಾಯಿ ಮುಚ್ಕಂಡು ಕೆಲಸ ಕಲಿ" ಅಂದರು. ಅಪ್ಪನಿಗೆ ಹೇಳಿದೆ. ಅವರೂ ಅದನ್ನೇ ಅಂದರು, ಜೂನ್ ತನಕ ತಡಿ, ಸರ್ಟಿಫಿಕೇಟ್ ಬರಲಿ, ಆಮೇಲೆ ನೋಡೋಣ ಅಂತ. ಬಾಯಿ ಬಿಟ್ಟರೆ ಮಹಾಂತೇಶಪ್ಪನ ಮುಖಕ್ಕೆ ಮಸಿ ಬಳಿದ ಹಾಗಾಗುತ್ತದೆ ಅಂತಲೂ ಸೇರಿಸಿದರು. ಅಜ್ಜನಿಗೆ ಹೇಳುವ ಧೈರ್ಯ ಬರಲಿಲ್ಲ. ಅವನ ವಿಭೂತಿ ಅಂತ ಅವನು ನೊಂದುಕೊಂಡಾನು.

ನಿನ್ನೆ ಶನಿವಾರ ಮಧ್ಯಾಹ್ನ ಶಿಫ್ಟ್ ಬಿಟ್ಟು ಹೊರಬಂದರೆ ಗೇಟಿನಾಚೆ ಚಹಾದಂಗಡಿಯ ಬೆಂಚಿನ ಮೇಲೆ ಹಜೀರಾಬೀ ಕೂತಿದ್ದರು. ನನ್ನನ್ನು ಕಂಡ ಕೂಡಲೇ ಎದ್ದುಬಂದರು. ಎಲ್ಲ ಗೊತ್ತಾಗಿಬಿಟ್ಟಿದೆ, ಈಗ ಎಲ್ಲರೆದುರು ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಸೆರಗಿನೊಳಗಿಂದ ಒಂದು ಬಿಳಿ ಹಾಳೆ ತೆಗೆದು, ದೊಡ್ಡ ಸಾಹೇಬರಿಗೆ ಒಂದು ಅರ್ಜಿ ಬರೆದುಕೊಡು ಅಂದರು. "ನೀನು ಓದಿದ ಹುಡುಗಿ, ನೆಟ್ಟಗೆ ಬರೀತಿಯ. ಅವತ್ತು ನಾನು ಬಟ್ಟೆ ಹಿಂಡಿಕೊಂಡೇ ಒಳಗ ಹೋಗಿದ್ದು. ಪೂಜಿ ಮಾಡಿದ ಜಾಗ ಅಂತ ನಿನ್ನ ಕಪಾಟಿನ ಹತ್ರಕ್ಕೂ ಹೋಗ್ಲಿಲ್ಲ, ಚಪ್ಪಲಿ ಸುದ್ದ ಬಾಗಿಲಲ್ಲೇ ಬಿಟ್ಟಿದ್ದೆ. ಅದನ್ನ ಬರಿ" ಅಂದರು.

ಬರೆದೆ ಅವ್ವಾ. ಆ ಬೆಂಚಿನ ಮೇಲೆ ಕೂತು, ನನ್ನ ತಪ್ಪನ್ನು ಬಚ್ಚಿಟ್ಟುಕೊಂಡೇ ಅವರು ತಪ್ಪು ಮಾಡಿಲ್ಲ ಅಂತ ಬರೆದೆ. ಮಾನ್ಯರೇ ಅಂತ ಶುರುಮಾಡಿದೆ. ಹನ್ನೊಂದು ವರ್ಷದ ಪ್ರಾಮಾಣಿಕ ಸೇವೆ ಅಂತ ಒಳ್ಳೆಯ ಮಾತು ಸೇರಿಸಿದೆ. ಎರಡು ಸಲ ಓದಿಸಿಕೊಂಡು ಕೇಳಿದರು, ನನ್ನ ಪೆನ್ನಿನ ಮಸಿಯನ್ನೇ ಬೆರಳಿಗೆ ಸವರಿಕೊಂಡು ಹೆಬ್ಬೆಟ್ಟು ಒತ್ತಿದರು. ನನಗೂ ಚಹಾ ಹೇಳಿದರು. ಬೇಡ ಅನ್ನುವ ಯೋಗ್ಯತೆಯೂ ನನಗಿರಲಿಲ್ಲ, ಕುಡಿದೆ. ಬಸ್ಸಿನಲ್ಲಿ ದಾವಣಗೆರೆ ಬರುವವರೆಗೂ ನಿಂತೇ ಬಂದೆ, ಸೀಟು ಖಾಲಿಯಿದ್ದರೂ.

ಈಗ ನೀನೇ ಹೇಳು. ನಾನು ಹೇಳಿದರೆ ಈ ವರ್ಷ ಹೋಗುತ್ತದೆ, ಡಿಪ್ಲೊಮಾ ನಿಲ್ಲುತ್ತದೆ, ಮಂಡಿಪೇಟೆಯಲ್ಲಿ ಕೊಟ್ಟೂರಪ್ಪನ ಮೊಮ್ಮಗಳನ್ನು ಕಂಪನಿಯವರು ಹೊರಹಾಕಿದರಂತೆ ಅಂತ ಮಾತಾಗುತ್ತದೆ. ಹೇಳದಿದ್ದರೆ ಏನೂ ಆಗುವುದಿಲ್ಲ. ಆ ಏನೂ ಆಗದಿರುವುದೇ ನನಗೆ ಹೆದರಿಕೆ. ಜೂನ್ ತನಕ ದಿನಾ ಆ ಕೋಣೆಗೆ ಹೋಗಿ, ಒರೆಸಿದ ನೆಲದ ಮೇಲೆ ನಡೆದು, ಇನ್ಯಾರೋ ಒರೆಸಿದ್ದು ಅಂತ ಗೊತ್ತಿದ್ದೂ ಸುಮ್ಮನಿರುವುದು ನನ್ನಿಂದ ಆಗುತ್ತದೋ ಇಲ್ಲವೋ. ಆಗಿಬಿಟ್ಟರೆ ಅಂತಲೂ ಹೆದರಿಕೆ. ನಾನು ಸಣ್ಣವಳಿದ್ದಾಗ ಗಾಜಿನ ಬಟ್ಟಲು ಒಡೆದು ಸುಷ್ಮಕ್ಕನ ಹೆಸರು ಹೇಳಿದ್ದೆ. ನೀನು ಅಕ್ಕನನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ, ಸುಮ್ಮನೆ ಇಬ್ಬರಿಗೂ ಊಟಕ್ಕೆ ಹಾಕಿದೆ. ನನಗೆ ತುತ್ತು ಇಳಿಯಲಿಲ್ಲ. ಈಗ ಮೂರು ದಿನದಿಂದ ಹಾಗೇ ಆಗಿದೆ.

ಕೂಸಿಗೆ ನನ್ನ ಮುತ್ತು. ಸುಷ್ಮಕ್ಕನಿಗೆ ಈ ಕಾಗದ ತೋರಿಸಬೇಡ, ಹಾಲು ಕುಡಿಸುವವಳು, ಚಿಂತೆ ಮಾಡುತ್ತಾಳೆ. ಭಾವನಿಗೂ ಬೀಗರಿಗೂ ನನ್ನ ಶರಣು ತಿಳಿಸು. ಅಜ್ಜ ನಿನ್ನ ಕೈಯ ರೊಟ್ಟಿ ಕೇಳುತ್ತಿದ್ದಾನೆ ಅಂತ ಬರೆಯಲು ಹೇಳಿದ, ಬರೆದಿದ್ದೇನೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ.

ನಿನ್ನ
ಅಂಕಿತಾ

ತಾ.ಕ.: ಹರಿಹರ ಬಸ್‌ಸ್ಟ್ಯಾಂಡ್, ಸೋಮವಾರ ಮಧ್ಯಾಹ್ನ. ನಿನ್ನೆ ಅಂಚೆ ಇರಲಿಲ್ಲ, ಕವರ್ ಅಂಟಿಸಿರಲಿಲ್ಲ, ಅದಕ್ಕೇ ಅವಸರದಲ್ಲಿ ಸೇರಿಸುತ್ತಿದ್ದೇನೆ. ಬೆಳಗ್ಗೆ ದೊಡ್ಡ ಸಾಹೇಬರ ಮುಂದೆ ಎಲ್ಲ ಹೇಳಿ, ಬರೆದು, ಸಹಿ ಮಾಡಿ ಕೊಟ್ಟೆ. ನನ್ನ ಗೇಟ್ ಪಾಸ್ ತೆಗೆದುಕೊಂಡರು. ಹಜೀರಾಬೀಯನ್ನು ವಾಪಸ್ ಕಳಿಸು ಅಂತ ಗುತ್ತಿಗೆದಾರನಿಗೆ ನನ್ನೆದುರೇ ಫೋನ್ ಮಾಡಿದರು. ಮಹಾಂತೇಶ್ ಸರ್ ನನ್ನ ಮುಖ ನೋಡಲಿಲ್ಲ. ಶುಕ್ರವಾರ ಪ್ರಿನ್ಸಿಪಾಲರ ಹತ್ತಿರ ತಂದೆ ಅಥವಾ ತಾಯಿ ಬರಬೇಕಂತೆ. ಅಪ್ಪನಿಗೆ ಇನ್ನೂ ಹೇಳಿಲ್ಲ, ಹೇಳಿದರೂ ಬರುವುದಿಲ್ಲ. ನಾನೇ ಮೊದಲು ತಿಳಿಸೋಣ ಅಂತ ಅಲ್ಲಿಂದ ನೇರ ಹಜೀರಾಬೀ ಮನೆಗೆ ಹೋದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಎಲ್ಲ ಕೇಳಿಸಿಕೊಂಡು, "ಅರ್ಜಿ ಬರೆಯೋವಾಗ ನನ್ನ ಪಕ್ಕದಾಗೇ ಕುಂತಿದ್ದೆಲ್ಲ. ಆವಾಗ ಯಾಕ ಹೇಳ್ಲಿಲ್ಲ?" ಅಂದರು. ಎದ್ದು ಬಂದುಬಿಟ್ಟೆ. ಅವ್ವಾ, ಎರಡು ದಿನದ ಮಟ್ಟಿಗಾದರೂ ಬಾ. ಪ್ರಿನ್ಸಿಪಾಲರ ಹತ್ತಿರ ಬೇಕಾದರೆ ನಾನೊಬ್ಬಳೇ ಹೋಗುತ್ತೇನೆ. ಆ ಮನೆಗೆ ಇನ್ನೊಂದು ಸಲ ಹೋಗಬೇಕು, ಅಲ್ಲಿಗೆ ನನ್ನ ಜೊತೆ ಬಾ.